ಬಾಗದ ಮೀನು

“ಇದನ್ನು ಮೀನು ನಿಜವಾಗಿ ತಿನ್ನುತ್ತದಾ, ಪೊರ್ಬುಗಳೇ?”

ತನಿಯನ ಅಂಗೈ ಮೇಲಿದ್ದ ನೊಣಕ್ಕೆ ಜೀವವಿರಲಿಲ್ಲ. ಎಳ್ಳಿಗಿಂತ ಒಂದಿಷ್ಟು ಉದ್ದ, ಅಷ್ಟೆ. ಕಪ್ಪು ನೂಲು ಸುತ್ತಿದ ಮೈ, ಕೋಳಿಪುಕ್ಕದ ಎರಡೆಳೆ, ಅದರಡಿಯಲ್ಲಿ ಕಣ್ಣು ಕಿರಿದು ಮಾಡಿದರೆ ಮಾತ್ರ ಕಾಣುವ ಗಾಳ. ಹದಿನಾಲ್ಕು ವರ್ಷದಿಂದ ಈ ಕೊಲ್ಲಿ ದೇಶದ ಓಲ್ಡ್ ಏರ್‌ಪೋರ್ಟಿನ ಸೂಪರ್‌ಮಾರ್ಕೆಟ್ಟಿನಲ್ಲಿ ಮೀನು ಕೊಯ್ದು ಕೊಯ್ದು ಒರಟಾದ ಅಂಗೈ ಅದು. ನೊಣ ಕೂತದ್ದೇ ಅದಕ್ಕೆ ಗೊತ್ತಾಗಲಿಲ್ಲ.

“ತಿನ್ನುವುದಲ್ಲ ಮಾರಾಯ, ಬಾಯಿಗೆ ಹಾಕಿ ನೋಡುತ್ತದೆ,” ಎಂದ ಗ್ಯಾವಿನ್. “ಅಷ್ಟರಲ್ಲಿ ನಾವು ಕೋಲೆತ್ತಬೇಕು. ಉಗುಳಿದರೆ ಖಲಾಸ್.”

“ನಮ್ಮ ಕೌಂಟರಿನಲ್ಲೂ ಕೆಲವು ಗಿರಾಕಿಗಳು ಹಾಗೆಯೇ. ಮುಟ್ಟಿ ನೋಡಿ ಹೋಗುತ್ತಾರೆ.”

ಗ್ಯಾವಿನ್ ನಕ್ಕ. ತನಿಯ ಬಂದು ಮುಕ್ಕಾಲು ಗಂಟೆಯಾಗಿತ್ತು. ಮನುಷ್ಯನ ಹಲ್ಲು ಕಂಡದ್ದು ಈಗ.

ತನ್ನ ಗೆಳೆಯ ಮಾರಿಸ್ ಹಿಮಾಚಲದ ಹೊಳೆಯೊಂದರಲ್ಲಿ ಟ್ರೌಟ್ ಮೀನು ಹಿಡಿಯುತ್ತ ಕೊಚ್ಚಿಹೋದ ಎಂದು ಈ ಗ್ಯಾವಿನ್ ಹೇಳಿ ಹತ್ತೊಂಬತ್ತು ದಿನವಾಗಿತ್ತು, ಹೆಣ ಸಿಕ್ಕಿರಲಿಲ್ಲ.

ಶುಕ್ರವಾರದ ಮಧ್ಯಾಹ್ನ. ಅಲ್ ರಯ್ಯಾನಿನಲ್ಲಿ ಗ್ಯಾವಿನನ ವಿಲ್ಲಾದ ಅಂಗಳದಲ್ಲಿ ಫೆಬ್ರವರಿಯ ಬಿಸಿಲು ಹಿತವಾಗಿ ಬಿದ್ದಿತ್ತು. ನೀರಿನ ಟ್ಯಾಂಕಿನ ನೆರಳಿನಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ, ನಡುವೆ ಒಂದು ಸ್ಟೂಲು, ಸ್ಟೂಲಿನ ಮೇಲೆ ನೊಣಗಳ ಡಬ್ಬಿ. ಅದು ಮಾರಿಸನ ಡಬ್ಬಿ. ಅವನ ಹೆಂಡತಿ ಎಡ್ನಾ ಅದನ್ನು ಕರವಸ್ತ್ರದಲ್ಲಿ ಸುತ್ತಿ ತನಿಯನ ಕೈಗೆ ಕೊಟ್ಟು ಕಳಿಸಿದ್ದಳು.

ಎಡ್ನಾ ಮತ್ತು ತನಿಯ ಉದ್ಯಾವರದ ಹೊಳೆಯ ಆಚೆ ದಡ, ಈಚೆ ದಡದವರು. ಊರಿನ ಕ್ರೈಸ್ತ ಗಂಡಸರೆಲ್ಲ ಅವನಿಗೆ ಪೊರ್ಬು, ಹೆಂಗಸರೆಲ್ಲ ಬಾಯಿ. ನಿನ್ನೆ ಅವಳು ಮೀನಿನ ಕೌಂಟರಿನ ಮುಂದೆ ಬಂದು ನಿಂತಿದ್ದಳು. ಮೀನು ಕೇಳಲಿಲ್ಲ.

“ತನಿಯಣ್ಣ, ಒಂದು ಸಲ ಗ್ಯಾವಿನ್ ಹತ್ತಿರ ನೀವು ಮಾತಾಡಿ. ನೀವು ಮೀನಿನವರು. ಆ ಗಾಳ, ಆ ಹೊಳೆ, ಅವನು ಹೇಳುವುದು ನನ್ನ ತಲೆಗೆ ಹೋಗುವುದಿಲ್ಲ. ಅತ್ತುಕೊಂಡು ಬೇಕಾದರೆ ಸಹಿ ಹಾಕುತ್ತೇನೆ. ಅರ್ಥವಾಗದೆ ಹಾಕುವುದಿಲ್ಲ.”

ಸಹಿ ಬೇಕಿದ್ದುದು ಒಂದೇ ಹಾಳೆಯ ಮೇಲೆ: ನನ್ನ ಗಂಡ ತೀರಿಕೊಂಡಿದ್ದಾನೆ ಎಂದು ನಾನು ಒಪ್ಪುತ್ತೇನೆ. ಅಷ್ಟು ಬರೆದುಕೊಟ್ಟರೆ ಅಲ್ಲಿಯ ಠಾಣೆ ಫೈಲು ಮುಚ್ಚುತ್ತದೆ. ಇಲ್ಲಿಯ ಕಂಪೆನಿ ವೀಸಾ ರದ್ದು ಮಾಡುತ್ತದೆ. ಗಂಡನ ವೀಸಾದ ನೆರಳಿನಲ್ಲಿ ಇಲ್ಲಿದ್ದ ಎಡ್ನಾ ತಿಂಗಳೊಳಗೆ ಗಂಟುಮೂಟೆ ಕಟ್ಟಬೇಕು. ಆಮೇಲೆ ಮಾರಿಸನನ್ನು ಹುಡುಕುವವರು ಭೂಮಿಯ ಮೇಲೆ ಯಾರೂ ಉಳಿಯುವುದಿಲ್ಲ.

ಹಾಳೆಯನ್ನು ತಂದವನು ಎಡ್ನಾಳ ಅಣ್ಣ ಜೇಕಬ್. ಮಾರಿಸನ ಕಂಪೆನಿಯಲ್ಲೇ ವೀಸಾ ಕಾಗದಗಳನ್ನು ನೋಡಿಕೊಳ್ಳುವವನು. ಜನವರಿಯೆಲ್ಲ ರಜೆಯಲ್ಲಿದ್ದು ಹಿಂದಿರುಗಿದವನೇ ತಂಗಿಯ ಓಡಾಟವನ್ನು ಪೂರ್ತಿ ತಲೆ ಮೇಲೆ ಹೊತ್ತುಕೊಂಡಿದ್ದ. ಇವತ್ತು ಸಂಜೆ ಏಳಕ್ಕೆ, ಜಪಮಾಲೆಯ ಪ್ರಾರ್ಥನೆ ಮುಗಿದ ಮೇಲೆ ಸಹಿ ಎಂದು ಅವನೇ ನಿಶ್ಚಯಿಸಿದ್ದ.

ಈಗ ಮೂರೂಮುಕ್ಕಾಲು.

“ನಮ್ಮಲ್ಲಿ ಗಾಳಕ್ಕೆ ಎರೆಹುಳ ಸಿಕ್ಕಿಸಿ, ಮೇಲೊಂದು ಸೀಸದ ಗುಂಡು ಕಟ್ಟಿ ಎಸೆಯುತ್ತೇವೆ,” ಎಂದ ತನಿಯ. “ಇದಕ್ಕೆ ತೂಕವೇ ಇಲ್ಲ. ಊದಿದರೆ ಹಾರಿಹೋದೀತು. ಹೊಳೆಯ ನಡುವಿಗೆ ಇದು ಹೋಗುವುದು ಹೇಗೆ?”

ಗ್ಯಾವಿನ್ ಎದ್ದು ಒಳಗಿಂದ ಕೋಲು ತಂದ. ಬೆತ್ತದಂಥ ತೆಳ್ಳಗಿನ ಕೋಲು. ಅದರ ಬುಡದ ಗಾಲಿಯಲ್ಲಿ ಹಳದಿ ದಾರ, ಶಾವಿಗೆಯಷ್ಟು ದಪ್ಪ.

“ತೂಕ ಇರುವುದು ಇದರಲ್ಲಿ. ನಾವು ಎಸೆಯುವುದು ದಾರವನ್ನು. ನೊಣ ಅದರ ಬಾಲ ಹಿಡಿದುಕೊಂಡು ಹೋಗುತ್ತದೆ.”

ಅವನ ಕೈ ಹಿಂದಕ್ಕೆ ಹೋಗಿ ಒಂದು ಗಳಿಗೆ ನಿಂತಿತು. ಮುಂದಕ್ಕೆ ಬಂತು. ಹಳದಿ ದಾರ ಗಾಳಿಯಲ್ಲಿ ಬಳ್ಳಿಯಂತೆ ಬಿಚ್ಚಿಕೊಂಡು, ಗೇಟಿನ ಪಕ್ಕ ಬಿದ್ದಿದ್ದ ಬಕೆಟ್ಟಿನ ಬಾಯೊಳಗೆ ಸದ್ದಿಲ್ಲದೆ ಇಳಿಯಿತು. ತನಿಯ ಬಾಯಿ ತೆರೆದುಕೊಂಡೇ ನೋಡಿದ. ಬಂದ ಕೆಲಸ ಅವನಿಗೆ ಅರೆಗಳಿಗೆ ಮರೆತೇ ಹೋಯಿತು.

“ನನಗೊಂದು ಸಲ ಕೊಡಿ.”

ಅವನು ಬೀಸಿದ ದಾರ ಹಿಂದಿನ ಹಗ್ಗದಲ್ಲಿ ಒಣಗುತ್ತಿದ್ದ ದಿಂಬಿನ ಚೀಲಕ್ಕೆ ಸಿಕ್ಕಿಕೊಂಡಿತು. ಚಹಾ ತಟ್ಟೆ ಹಿಡಿದು ಬಂದ ಗ್ಯಾವಿನನ ಹೆಂಡತಿ ನಟಾಶಾ ಅದನ್ನು ಬಿಡಿಸಿದಳು.

“ದೊಡ್ಡದೇ ಹಿಡಿದಿರಿ ತನಿಯಣ್ಣ. ತೂಕ ಹಾಕುವುದಾ, ಕೊಯ್ದೇ ಕೊಡುವುದಾ?”

“ತಲೆ ತೆಗೆದು ಕೊಡಿ ಬಾಯಿ, ಸಾರಿಗೆ.”

“ಇವರ ನೊಣಪುರಾಣ ಶುರುವಾದರೆ ಚಹಾ ತಣ್ಣಗಾಗುತ್ತದೆ. ಮೊದಲು ಕುಡಿಯಿರಿ,” ಎಂದು ಅವಳು ಒಳಗೆ ಹೋದಳು.

ಚಹಾ ಕುಡಿಯುತ್ತ ತನಿಯ ಕೇಳಿದ. ಪೊಲೀಸರು ಕೇಳುವ ಹಾಗಲ್ಲ, ಪಕ್ಕದ ಗದ್ದೆಯವನ ಬೀಜದ ವಿಷಯ ಕೇಳುವ ಹಾಗೆ. ಚಳಿಗಾಲದಲ್ಲಿ ನೊಣ ಇಷ್ಟು ಸಣ್ಣದು ಯಾಕೆ?

ಆ ಪ್ರಶ್ನೆಗೆ ಗ್ಯಾವಿನ್ ಅರಳಿದ. ಮಂಜು ಬೀಳುವ ದಿನಗಳಲ್ಲಿ ದೊಡ್ಡ ಹುಳಗಳೇ ಹುಟ್ಟುವುದಿಲ್ಲ. ನಡು ಮಧ್ಯಾಹ್ನ ಒಂದೆರಡು ಗಂಟೆ ಬಿಸಿಲು ಬಿದ್ದಾಗ ನೀರಿನ ಮೇಲೆ ಇಂಥ ಚುಕ್ಕೆಯಂಥವು ಏಳುತ್ತವೆ, ಅಷ್ಟೆ. ಟ್ರೌಟ್ ಆಗ ಆಳದ ಗುಂಡಿಯಲ್ಲಿ, ತಳಕ್ಕೆ ಹೊಟ್ಟೆ ಹಚ್ಚಿಕೊಂಡಿರುತ್ತದೆ. ಊಟಕ್ಕಾಗಿ ಒಂದು ಗೇಣೂ ಆಚೀಚೆ ಸರಿಯುವುದಿಲ್ಲ. ನೊಣವನ್ನು ಅದರ ಮೂಗಿನ ತುದಿಗೇ ಒಯ್ದು ಕೊಡಬೇಕು. ಕೋಲಿನ ಮೇಲೆ ದಾರ ಹಾಯುವ ಬಳೆಗಳಲ್ಲಿ ಮಂಜುಗಡ್ಡೆ ಕಟ್ಟುತ್ತದೆ. ಹತ್ತು ಸಲ ಬೀಸಿದರೆ ಒಂದು ಸಲ ಕೋಲನ್ನು ನೀರಿಗೆ ಅದ್ದಿ ಕರಗಿಸಬೇಕು.

“ನೀರಿಗೆ ಅದ್ದಿದರೆ ಕರಗುತ್ತದಾ?”

“ನೀರು ಗಾಳಿಗಿಂತ ಬೆಚ್ಚಗೆ. ಅದೇ ಅಲ್ವಾ ಮಜಾ.”

“ಅಷ್ಟು ಕಷ್ಟಪಟ್ಟು ಹಿಡಿದ ಮೀನನ್ನು ಸಾರು ಮಾಡುತ್ತೀರಾ?”

“ಛೆ. ಬಿಟ್ಟುಬಿಡುತ್ತೇವೆ. ಅಂಗೈ ಒದ್ದೆ ಮಾಡಿಕೊಂಡು, ನೀರೊಳಗೇ ಹಿಡಿದು ಗಾಳ ಬಿಡಿಸಿ, ಉಸಿರು ಬರುವವರೆಗೆ ಹಾಗೇ ಇದ್ದು ಬಿಡುವುದು. ಮೊನ್ನೆ ಮಾರಿಸ್ ಕೂಡ...” ಗ್ಯಾವಿನ್ ಲೋಟ ಕೆಳಗಿಟ್ಟ. “ಬಿಡುವುದಕ್ಕೆ ಅಂತ ಬಗ್ಗಿದಾಗಲೇ ಜಾರಿದ್ದು.”

ತನಿಯ ತಲೆಯಾಡಿಸಿದ. ಆಮೇಲೆ ತನಗೆ ಮೊದಲಿಂದ ಇದ್ದ ಸಂಶಯವನ್ನು ಹೇಳಿದ.

“ನಾನು ಮಂಜು ಕಂಡವನಲ್ಲ. ಅಷ್ಟು ಮಂಜು ಬಿದ್ದರೆ ಹೊಳೆ ದಂಡೆ ಮೀರಿ ಹರಿಯುತ್ತಿರಬೇಕು, ನಮ್ಮ ಆಟಿ ತಿಂಗಳ ಮಳೆಯ ಹಾಗೆ?”

“ಎಂಥದು ಮಾರಾಯ? ಮಂಜು ಬಿದ್ದದ್ದು ಗುಡ್ಡದ ಮೇಲೆಯೇ ಕೂತಿರುತ್ತದೆ. ಕರಗುವುದು ಏಪ್ರಿಲ್ ಕಳೆದ ಮೇಲೆ. ಜನವರಿಯಲ್ಲಿ ಹೊಳೆ ತೀರಾ ಸಣ್ಣದು. ಗಾಜಿನಷ್ಟು ತಿಳಿ. ಎಷ್ಟೋ ಕಡೆ ಮೊಣಕಾಲು ಮುಳುಗುವುದಿಲ್ಲ. ಗುಂಡಿಗಳಲ್ಲಂತೂ ನೀರು ಹರಿಯುತ್ತದೋ ಇಲ್ಲವೋ ಅಂತ...”

ಅವನ ಮಾತು ಅಲ್ಲಿಗೇ ನಿಂತಿತು.

ಟ್ಯಾಂಕಿನಿಂದ ಒಂದು ಹನಿ ನೀರು ಸಿಮೆಂಟಿನ ಮೇಲೆ ಬಿತ್ತು. ಇನ್ನೊಂದು ಬಿತ್ತು.

ಕಚ್ಚಿದ ಕೂಡಲೇ ಎಳೆಯುವವನಿಗೆ ತುಟಿ ಮಾತ್ರ ಸಿಗುತ್ತದೆ ಎಂದು ತನಿಯನ ಅಪ್ಪ ಹೇಳುತ್ತಿದ್ದ. ತನಿಯ ಚಹಾದ ತಳದಲ್ಲಿದ್ದ ಸಕ್ಕರೆಯನ್ನು ಕುಲುಕಿ ಕುಡಿದ. ಅವನಿಗೆ ಒಂದು ವಿಷಯ ಮನದಟ್ಟಾಗಿತ್ತು. ಈ ಮನುಷ್ಯನಿಗೆ ಮನುಷ್ಯರ ವಿಷಯದಲ್ಲಿ ಸುಳ್ಳು ಹೇಳಲು ಬಂದೀತು. ಹೊಳೆಯ ವಿಷಯದಲ್ಲಿ ಬಾರದು.

“ಹರಿವು ಬೇಡ ತನಿಯ,” ಎಂದ ಗ್ಯಾವಿನ್, ಈ ಸಲ ಮೆಲ್ಲಗೆ, ಬಾಯಿಪಾಠದಂತೆ. “ಚಳಿಯೇ ಸಾಕು. ಎದೆಮಟ್ಟದ ಗುಂಡಿ. ರಬ್ಬರ್ ಪ್ಯಾಂಟಿನೊಳಗೆ ನೀರು ತುಂಬಿತು. ಎರಡು ನಿಮಿಷದಲ್ಲಿ ಕೈಕಾಲು ಮರಗಟ್ಟುತ್ತದೆ.”

“ಹೌದು, ಅದೂ ಹೌದು,” ಎಂದು ತನಿಯ ಒಪ್ಪಿದ. “ಜೊತೆಗೆ ಬೇರೆ ಯಾರೂ ಇರಲಿಲ್ಲವಾ? ಊರಿನ ಜನ?”

“ಚಳಿಗಾಲದಲ್ಲಿ ಅಲ್ಲಿ ಟ್ರೌಟ್ ಹಿಡಿಯಲು ಪರವಾನಿಗೆ ಕೊಡುವುದಿಲ್ಲ. ಮೊಟ್ಟೆ ಇಡುವ ಕಾಲ. ನಾವು ಕದ್ದು ಹೋದದ್ದು. ಊರವರನ್ನು ಕರೆದುಕೊಂಡು ಕದಿಯಲಿಕ್ಕೆ ಆಗುತ್ತದಾ?”

ಆ ಉತ್ತರಕ್ಕೂ ಬಿರುಕಿರಲಿಲ್ಲ. ತನಿಯ ಪಕ್ಕದಲ್ಲಿಟ್ಟಿದ್ದ ಪ್ಲಾಸ್ಟಿಕ್ ಚೀಲದಿಂದ ಒಂದು ಫೋಟೋ ತೆಗೆದ. ಗ್ಯಾವಿನ್ ತಾನೇ ಎಡ್ನಾಳಿಗೆ ಕೊಟ್ಟ ಫೋಟೋ: ಮಾರಿಸನ ಕೊನೆಯ ಚಿತ್ರ. ಬಿನ್ ಒಮ್ರಾನಿನ ಸ್ಟುಡಿಯೋದ ಮೊಯ್ದಿನ್ ಕುಂಞಿ ಅದನ್ನು ಕ್ಯಾಲೆಂಡರಿನಷ್ಟು ದೊಡ್ಡದಾಗಿ ಮಾಡಿಕೊಟ್ಟಿದ್ದ.

ಮಾರಿಸ್ ಮೊಣಕಾಲುಮಟ್ಟ ನೀರಿನಲ್ಲಿ ನಿಂತು ನಗುತ್ತಿದ್ದ. ಹಿಂದೆ ಬಿಳಿ ಬಂಡೆಗಳು. ಎಡಗೈಯಲ್ಲಿ ಕೋಲು. ಬಲಗೈಯಲ್ಲಿ ಬಾಲ ಹಿಡಿದು ಮುಂದಕ್ಕೆ ಚಾಚಿದ ಟ್ರೌಟ್, ಮೈತುಂಬ ಕೆಂಪು ಕಪ್ಪು ಚುಕ್ಕೆ, ಒಂದೂವರೆ ಕಿಲೋ ಆದೀತು.

“ಇದು ಜಾರುವ ಎಷ್ಟು ಮೊದಲು ತೆಗೆದದ್ದು?”

“ಆಗಲೇ. ಮೀನು ಕೈಗೆ ಬಂದ ಕೂಡಲೇ. ಕ್ಲಿಕ್ ಮಾಡಿ ನಾನು ಕ್ಯಾಮರಾ ಒಳಗೆ ಇಡುವಷ್ಟರಲ್ಲಿ...”

“ಜೀವ ಇತ್ತಾ ಮೀನಿಗೆ?”

“ಇತ್ತಲ್ಲ. ಬಿಡಲಿಕ್ಕೇ ಅಲ್ವಾ ಬಗ್ಗಿದ್ದು?”

ತನಿಯ ಎದ್ದು ನಿಂತ. ಅಂಗಡಿಯಲ್ಲಿ ಬೆಳಗಿನ ಐದಕ್ಕೆ ಪೆಟ್ಟಿಗೆಗಳು ಬಂದಾಗ ನಿಲ್ಲುವಂತೆ, ಕಾಲು ಅಗಲಿಸಿ.

“ಪೊರ್ಬುಗಳೇ, ನನಗೆ ಇಂಗ್ಲಿಷ್ ಅರ್ಧ ಬರುತ್ತದೆ, ಕಾನೂನು ಒಂಚೂರೂ ಬಾರದು. ಮೀನು ಮಾತ್ರ ಗೊತ್ತು. ದಿನಕ್ಕೆ ಇನ್ನೂರು ಮೀನನ್ನು ಬಾಲ ಹಿಡಿದು ಎತ್ತುತ್ತೇನೆ. ಈಗ ತಾನೆ ನೀರಿನಿಂದ ಬಂದ ಮೀನನ್ನು ಬಾಲ ಹಿಡಿದು ಹೀಗೆ ಚಾಚಿದರೆ ಏನಾಗುತ್ತದೆ? ಒಂದೋ ಒದ್ದಾಡುತ್ತದೆ, ಇಲ್ಲ ಹಗ್ಗಕ್ಕೆ ಹಾಕಿದ ಒದ್ದೆ ಬೈರಾಸಿನ ಹಾಗೆ ಕೆಳಗೆ ಜೋಲುತ್ತದೆ. ನಿಮ್ಮ ಈ ಮೀನು ನೋಡಿ.”

ಅವನು ಬೆರಳು ಇಟ್ಟು ತೋರಿಸಿದ. ಮಾರಿಸನ ಮುಷ್ಟಿಯಿಂದ ಮೀನು ದೋಣಿಯ ಹುಟ್ಟು ಚಾಚಿದಂತೆ ನೆಟ್ಟಗೆ ಹೊರಟಿತ್ತು. ಬಾಲದಿಂದ ಮೂತಿಯವರೆಗೆ ಅಡ್ಡಗೆರೆ ಎಳೆದ ಹಾಗೆ. ಎಲ್ಲೂ ಒಂದು ಬಾಗು ಇಲ್ಲ.

“ಅದು ಚಳಿಗೆ...” ಎಂದ ಗ್ಯಾವಿನ್.

“ನೀರು ಗಾಳಿಗಿಂತ ಬೆಚ್ಚಗೆ ಅಂದಿರಿ. ಬೆಚ್ಚಗಿನ ನೀರಿನಿಂದ ಬಂದ ಮೀನು ಒಂದು ನಿಮಿಷದಲ್ಲಿ ಹಲಗೆಯಾಗುವುದಿಲ್ಲ. ಸತ್ತು ಕೆಲವು ಗಂಟೆಯಾದ ಮೇಲೆ ಸೆಟೆಯುತ್ತದೆ. ಇದು ಹಿಂದಿನ ದಿನದ್ದು.”

ಗ್ಯಾವಿನ್ ಫೋಟೋ ನೋಡಿದ. ಎಷ್ಟು ಸಲ ನೋಡಿದ ಚಿತ್ರವೋ, ಈಗ ಮೊದಲ ಸಲ ನೋಡುವವನಂತೆ ನೋಡಿದ.

“ಸೆಟೆದದ್ದೇ ಒಳ್ಳೆಯದು ಅಂತ ಅಲ್ವಾ,” ಎಂದ ಸಣ್ಣ ದನಿಯಲ್ಲಿ. “ಮಾರ್ಕೆಟ್ಟಿನಲ್ಲಿ ಒತ್ತಿ ನೋಡಿ ಗಟ್ಟಿ ಇದ್ದದ್ದನ್ನೇ ತರುವುದು ನಾವು.”

“ಅದು ಅಂಗಡಿಯ ತಾಜಾ. ಹೊಳೆಯ ತಾಜಾ ಬೇರೆ.”

ಆಫೀಸಿನಲ್ಲಿ ಕೂತು ಶುಕ್ರವಾರ ಮೀನು ಕೊಳ್ಳುವವರು ಮಾತ್ರ ಮಾಡುವ ತಪ್ಪು ಅದು. ಮೀನು ಹಿಡಿಯುವ ಮೊಗವೀರರ ಮನೆಯ ಏಳು ವರ್ಷದ ಹುಡುಗಿಯೂ ಮಾಡಲಿಕ್ಕಿಲ್ಲ.

“ಸತ್ತ ಮೀನನ್ನು ಹಿಡಿದುಕೊಂಡು ಮಾರಿಸ್ ಪೊರ್ಬುಗಳು ನಗುತ್ತಿದ್ದಾರೆ,” ಎಂದು ತನಿಯ ಮುಂದುವರಿಸಿದ. “ಅಂದರೆ ಅದು ಸತ್ತದ್ದು ಅಂತ ಅವರಿಗೂ ಗೊತ್ತು. ನೀವು ಅವರಿಗೆ ಮೋಸ ಮಾಡಿಲ್ಲ. ಇಬ್ಬರೂ ಸೇರಿ ಬೇರೆ ಯಾರಿಗೋ ಮಾಡಿದ್ದೀರಿ. ಎಡ್ನಾ ಬಾಯಿ ಇವತ್ತು ಏಳಕ್ಕೆ ಸಹಿ ಹಾಕುತ್ತಾರೆ. ಅದರ ಮೊದಲು ಯಾರಿಗೆ, ಯಾಕೆ ಅಂತ ಹೇಳಿ.”

ಗ್ಯಾವಿನ್ ಅಡುಗೆಮನೆಯ ಕಿಟಕಿಯ ಕಡೆ ನೋಡಿದ. ಒಳಗೆ ಪಾತ್ರೆಯ ಸದ್ದು. ಅವನು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ.

“ಎರಡು ದಿನ ನಿಂತೆವು ತನಿಯ. ಬೆಳಿಗ್ಗೆಯಿಂದ ಸಂಜೆವರೆಗೆ. ಒಂದು ಮೀನು ಕಚ್ಚಲಿಲ್ಲ. ಕೊನೆಗೆ ಮೀನು ಸಾಕುವ ಕಡೆ ಹೋಗಿ ಒಂದನ್ನು ಕೊಂಡು ತಂದೆ. ರಾತ್ರಿ ಕಿಟಕಿಯ ಹೊರಗೆ ಇಟ್ಟಿದ್ದೆ.” ಸುಳ್ಳು ಹೊರಬಿದ್ದದ್ದಕ್ಕಿಂತ ಮೀನು ಕೊಂಡದ್ದನ್ನು ಹೇಳುವಾಗ ಅವನ ಮುಖ ಹೆಚ್ಚು ಕೆಂಪಾಯಿತು. “ಫೋಟೋ ಇಲ್ಲದೆ ಯಾರೂ ನಂಬುವುದಿಲ್ಲ ಅಂತ ಮಾರಿಸನೇ ಹೇಳಿದ. ಎಲ್ಲ ಅವನದೇ ಲೆಕ್ಕಾಚಾರ. ಹತ್ತು ದಿನ ನಾನು ಸತ್ತಿರಬೇಕು ಗ್ಯಾವಿನ್, ಹತ್ತೇ ದಿನ, ಆಮೇಲೆ ಎಡ್ನಾಗೆ ನಾನೇ ಹೇಳುತ್ತೇನೆ ಅಂದ.”

“ಯಾಕೆ ಅಂತ ಕೇಳಲಿಲ್ಲವಾ?”

“ಕೇಳಿದೆ. ನಿನಗೆ ಗೊತ್ತಿಲ್ಲದಿದ್ದರೆ ಸುಳ್ಳು ಹೇಳುವುದು ಸಲೀಸು ಅಂದ. ನನ್ನ ಸುಳ್ಳಿನ ಮೇಲೆ ಅವನಿಗೆ ಅಷ್ಟು ಭರವಸೆ ಇರಲಿಲ್ಲ.”

“ಆಮೇಲೆ?”

“ಸ್ವಲ್ಪ ಮೇಲೆ ಒಂದು ಸಂಕ ಇದೆ. ಎರಡು ಮರದ ದಿಮ್ಮಿ ಹಾಕಿದ್ದು, ಕುರಿಯವರು ದಾಟುವುದು. ಅವನು ಅದನ್ನು ದಾಟಿ ಆಚೆ ದಡದ ಹಾದಿಯಲ್ಲಿ ಇಳಿದು ಬಸ್ಸು ಹಿಡಿಯಬೇಕು. ನಾನು ಎರಡು ಮೈಲು ಕೆಳಗೆ ಬೇರೆ ಒಂದು ಗುಂಡಿ ತೋರಿಸಿ ಕೂಗಾಡಬೇಕು. ಹಾಗೇ ಮಾಡಿದೆ. ಪೊಲೀಸರು ಹುಡುಕಿದ್ದು ಆ ಗುಂಡಿಯಿಂದ ಕೆಳಗೆ. ಸಂಕದ ಹೆಸರನ್ನು ನಾನು ಅಲ್ಲಿಯೂ ಎತ್ತಲಿಲ್ಲ, ಇಲ್ಲಿಯೂ ಎತ್ತಲಿಲ್ಲ. ನಟಾಶಾಗೂ ಗೊತ್ತಿಲ್ಲ.”

“ಹಾಗಾದರೆ ಅವರು ಬದುಕಿದ್ದಾರೆ.”

ಗ್ಯಾವಿನ್ ಡಬ್ಬಿಯಲ್ಲಿದ್ದ ನೊಣಗಳನ್ನು ಬೆರಳ ತುದಿಯಿಂದ ಒಂದೊಂದಾಗಿ ಮುಟ್ಟಿದ.

“ಬಸ್ಸು ಹತ್ತಿದ ಮೇಲೆ ಫೋನು ಮಾಡಬೇಕಿತ್ತು. ಸಂಜೆಗೆ ಬರಲಿಲ್ಲ. ಮರುದಿನ ಬರಲಿಲ್ಲ. ಹತ್ತು ದಿನ ಕಳೆಯಿತು, ಹದಿನೈದು ಕಳೆಯಿತು. ಇವತ್ತಿಗೆ ಹತ್ತೊಂಬತ್ತು. ಯಾರ ಹತ್ತಿರ ಹೇಳಲಿ? ಸಾಯದವನನ್ನು ಸತ್ತ ಅಂತ ಬರೆಸಿ ಬಂದವನು ನಾನು. ಈಗ ಹೋಗಿ ಅವನು ನಿಜವಾಗಿ ಕಾಣುತ್ತಿಲ್ಲ ಅಂತ ಹೇಳಿದರೆ ಮೊದಲು ಯಾರನ್ನು ಹಿಡಿಯುತ್ತಾರೆ?”

ನಾಟಕದ ಸಾವಿನ ಹಿಂದೆ ಇನ್ನೊಂದು ಏನೋ ನಡೆದಿತ್ತು, ಹೊಳೆಯ ಆಚೆ ದಡದಲ್ಲಿ. ನೋಡಿದವರಿಲ್ಲ. ಇನ್ನು ಮೂರು ಗಂಟೆಯ ಹೊತ್ತಿನೊಳಗೆ ಒಂದು ಸಹಿ ಬಿದ್ದರೆ ಕೇಳುವವರೂ ಇಲ್ಲ.

ಅವನ ಜೇಬಿನ ಫೋನು ಬಡಿದುಕೊಂಡಿತು. ಎಡ್ನಾ. ಅಂಗಡಿಯ ಗದ್ದಲದಲ್ಲಿ ಕೇಳಲೆಂದು ದನಿ ಪೂರ್ತಿ ಏರಿಸಿಟ್ಟಿದ್ದ ಫೋನು ಅದು. ಎಡ್ನಾಳ ಒಂದೊಂದು ಮಾತೂ ಗ್ಯಾವಿನನ ಕಿವಿಗೂ ಬಿತ್ತು.

“ತನಿಯಣ್ಣ, ಏನಾಯಿತು? ಜೇಕಬ್ ಬೇಗ ಬಂದಿದ್ದಾನೆ. ಪ್ರಾರ್ಥನೆಗೆ ಜನ ಸೇರಿದರೆ ಪುರುಸೊತ್ತಾಗುವುದಿಲ್ಲ, ಈಗಲೇ ಹಾಕಿಬಿಡು ಅನ್ನುತ್ತಾನೆ.”

“ಬೇಡ ಬಾಯಿ. ನಾನು ಬರುವವರೆಗೆ ನಿಲ್ಲಿ.”

“ನಾನೂ ಅದೇ ಹೇಳಿದೆ, ಇನ್ನೊಂದು ವಾರ ಹುಡುಕಲಿ ಅಂತ. ಇನ್ನೆಲ್ಲಿ ಹುಡುಕುವುದು, ಆ ಮರದ ಸಂಕದ ಆಚೆ ಕೂಡ ನೋಡಿ ಆಯಿತು ಅಂದ. ಯಾವ ಸಂಕ ತನಿಯಣ್ಣ? ಗ್ಯಾವಿನ್ ನನಗೆ ಸಂಕದ ವಿಷಯ ಹೇಳಲೇ ಇಲ್ಲ.”

ಗ್ಯಾವಿನ್ ಕುರ್ಚಿಯಿಂದ ಅರ್ಧ ಎದ್ದವನು ಅಲ್ಲೇ ನಿಂತ. ಅವನ ತುಟಿ ಮಾತ್ರ ಅಲುಗಿತು: ನಾನು ಹೇಳಿಲ್ಲ.

“ಬಾಯಿ,” ಎಂದ ತನಿಯ, ದನಿ ಎಷ್ಟು ಸಾಧ್ಯವೋ ಅಷ್ಟು ಸಹಜವಾಗಿಟ್ಟುಕೊಂಡು, “ಆ ಕಾಗದವನ್ನು ನಿಮ್ಮ ಕೈಯಲ್ಲೇ ಇಟ್ಟುಕೊಳ್ಳಿ. ಬಾಗಿಲು ತೆರೆದಿರಲಿ. ಪಕ್ಕದ ಮನೆಯ ಜರ್ಟ್ರೂಡ್ ಬಾಯಿಯನ್ನು ಚಹಾಕ್ಕೆ ಕರೆಯಿರಿ. ಜೇಕಬ್ ಎಲ್ಲಿದ್ದಾರೆ?”

“ಇಲ್ಲೇ, ನನ್ನ ಎದುರು. ನಿಮ್ಮ ಹತ್ತಿರ ಮಾತಾಡಬೇಕಂತೆ. ಕೊಡುತ್ತೇನೆ.”

ಫೋನು ಕೈ ಬದಲಾಯಿತು. ಹೆಜ್ಜೆಗಳು. ಬಾಲ್ಕನಿಯ ಬಾಗಿಲು ಸರಿದು ಮುಚ್ಚಿಕೊಂಡ ಸದ್ದು. ಆಮೇಲೆ ಜೇಕಬನ ದನಿ, ಬಹಳ ಮರ್ಯಾದೆಯ ದನಿ.

“ತನಿಯ, ಗ್ಯಾವಿನ್ ಪಕ್ಕದಲ್ಲೇ ಇದ್ದಾನಲ್ಲ? ಅವನ ಹತ್ತಿರ ಒಂದೇ ಒಂದು ಕೇಳಿ ಹೇಳು. ಮಾರಿಸ್ ಸಂಕದ ಮೇಲೆ ಕಾಲಿಟ್ಟಾಗ ಅವನು ನಿಂತು ನೋಡಿದನಾ, ಇಲ್ಲ ತಿರುಗಿ ಹೋದನಾ?”